ಮಾವನವರ ಗುಟುಕು, ಬೆಳವನ ಗುಟುಕು

ಭಾನುವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಒಲೆಯ ಮೇಲೆ ಹಾಲಿಟ್ಟು ಬಂದವಳು ಪಡಸಾಲೆಯ ಗಡಿಯಾರ ನೋಡಿದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ದೇವರ ಮನೆಯಲ್ಲಿ ಮಾವನವರು ಲಿಂಗಪೂಜೆಗೆ ಕೂತಿದ್ದರು. ಎಡ ಅಂಗೈಯ ಮೇಲೆ ಲಿಂಗ, ಬಲಗೈಯಲ್ಲಿ ಬಿಲ್ವಪತ್ರೆ. ಪತ್ರೆ ಕೈಜಾರಿ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಎತ್ತಿಕೊಳ್ಳಲಿಲ್ಲ. ಯಾರೋ ಬೇರೆಯವರ ಕೈಯನ್ನು ನೋಡುವ ಹಾಗೆ ತಮ್ಮ ಬಲಗೈಯನ್ನೇ ನೋಡುತ್ತಾ ಕೂತರು. ಪತ್ರೆ ಒದ್ದೆಯಿರಬೇಕು ಅಂದುಕೊಂಡೆ ನಾನು. ಹಾಲು ಉಕ್ಕಿದ ಸದ್ದಾಯಿತು, ಓಡಿದೆ. ವಾಪಸು ಬರುವಷ್ಟರಲ್ಲಿ ಅವರು ಗೋಡೆಗೆ ಒರಗಿದ್ದರು. ಬಾಯಿ ಬಲಕ್ಕೆ ಜೋತುಬಿದ್ದಿತ್ತು. ಎಡ ಅಂಗೈ ಮಾತ್ರ ಚಾಚಿದ್ದು ಚಾಚಿದ ಹಾಗೇ ಇತ್ತು. ಅದರ ಮೇಲೆ ಲಿಂಗ ಅಲುಗದೆ ಕೂತಿತ್ತು.

ಆ ಹಾಲಿನ ಪಾತ್ರೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಒಲೆಯಿಂದ ಇಳಿಸಿ, ದೇವರ ಮನೆಯ ಬಾಗಿಲಲ್ಲೇ ನಿಂತುಕೊಂಡಿದ್ದೇನೋ ಲೆಕ್ಕವಿಲ್ಲ. ನಿಂತಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಬುದ್ಧಿ ಒಪ್ಪುತ್ತದೆ, ಆದರೂ ಇವತ್ತಿಗೂ ಹಾಲಿಟ್ಟರೆ ಉಕ್ಕುವ ಮೊದಲೇ ಇಳಿಸಿಬಿಡುತ್ತೇನೆ. ಹಾಸಿಗೆ ಹಿಡಿದವರ ಪಕ್ಕದಲ್ಲಿ ಕೂತು, ತಪ್ಪೆಲ್ಲ ತಮ್ಮದೇ ಅಂದುಕೊಳ್ಳುವವರು ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ಮನೆಯ ಮುಂಭಾಗದಲ್ಲೇ ಮಾವನವರ ಬೆಲ್ಲ, ಧಾನ್ಯದ ಅಂಗಡಿ. ನನ್ನ ಯಜಮಾನರು ಕೃಷ್ಣರಾಜನಗರದ ಕಚೇರಿಯಲ್ಲಿ ಗುಮಾಸ್ತರು. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಬರುತ್ತಿದ್ದರು. ಹೀಗಾಗಿ ಮನೆಯಲ್ಲಿ ಮಾವ, ಅತ್ತೆ, ನಾನು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ಸೊಸೆ ಎಂದು ಊರಿನಲ್ಲಿ ನನಗೊಂದು ಹೆಸರಿತ್ತು. ಅತ್ತೆಗೆ ಅದರಿಂದ ಹೆಮ್ಮೆಯೂ ಇತ್ತು, ಸಾರಿಗೆ ಉಪ್ಪು ಹೆಚ್ಚಾದ ದಿನ ಆಡಿಕೊಳ್ಳಲು ಅನುಕೂಲವೂ ಇತ್ತು.

ಅವತ್ತೇ ಆಸ್ಪತ್ರೆಗೆ ಹೊರಟೆವು. ಗಾಡಿ ಕಟ್ಟಿಸಿ ಪಿರಿಯಾಪಟ್ಟಣ, ಅಲ್ಲಿಂದ ಬಸ್ಸಿನಲ್ಲಿ ಹುಣಸೂರು. ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಸಿಕ್ಕಲ್ಲೆಲ್ಲ ಎಲ್ಲರೂ ಇಳಿದು ತಳ್ಳಬೇಕು. ನಾನೂ ಸೆರಗು ಸಿಕ್ಕಿಸಿಕೊಂಡು ತಳ್ಳಿದೆ. ಒಳಗೆ ಅತ್ತೆಯ ಹೆಗಲಿಗೆ ಒರಗಿದ್ದ ಮಾವನವರು, ಸೊಸೆ ಬಸ್ಸು ತಳ್ಳುವುದನ್ನು ಕಿಟಕಿಯಿಂದ ನೋಡಿ ಅರ್ಧ ಬಾಯಿಯಲ್ಲಿ ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನು ಇನ್ನೂ ಜೋರಾಗಿ ತಳ್ಳಿದೆ.

ಆಸ್ಪತ್ರೆಯ ಜಗಲಿಯಲ್ಲಿ ಸರದಿ ಉದ್ದವಿತ್ತು. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಸರಗೂರಿನ ಕಡೆಯ ಹೆಂಗಸೊಬ್ಬಳು ನನ್ನ ಮುಖ ನೋಡಿ, "ಯಾಕವ್ವ ಅಂಗೆ ಕಲ್ಲಾಗಿ ಕುಂತಿದ್ದೀಯ? ಒಸಿ ಅತ್ತುಬುಡು. ನಾನು ಅತ್ತಿದ್ಕೇ ಈ ಕಂಬದ ಒರಗು ಬುಟ್ಕೊಟ್ರು ಕಣ," ಎಂದಳು. ಆಮೇಲೆ ಆ ಕಂಬದ ಒರಗನ್ನೂ ಮಾವನವರಿಗೆ ಬಿಟ್ಟುಕೊಟ್ಟಳು. ಅವಳ ಹೆಸರನ್ನು ನಾನು ಕೇಳಲೇ ಇಲ್ಲ.

ಡಾಕ್ಟರು ಒಳ್ಳೆಯವರು. ಮೂರು ದಿನ ಇಟ್ಟುಕೊಂಡು, ಬುಧವಾರ ಮನೆಗೆ ಕಳಿಸುವಾಗ ನನ್ನನ್ನು ಬೇರೆ ಕರೆದು ಹೇಳಿದರು: "ಕೈಕಾಲು, ಮಾತು ನಿಧಾನಕ್ಕೆ ಬರಬಹುದು. ಅದರ ಯೋಚನೆ ಈಗ ಬೇಡ. ಗಂಟಲು ಸೋತಿದೆ. ಕೊಟ್ಟದ್ದು ಶ್ವಾಸನಾಳಕ್ಕೆ ಇಳಿಯದ ಹಾಗೆ ನೋಡಿಕೊಳ್ಳಿ. ಎದೆಗೆ ಇಳಿದರೆ ಆಮೇಲೆ ನನ್ನ ಕೈಲಿಲ್ಲ. ಗೊತ್ತಾಯ್ತಾ?"

ಗೊತ್ತಾಯಿತು ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಹೇಗೆ ನೋಡಿಕೊಳ್ಳಬೇಕು ಎಂದು ಕೇಳಲಿಲ್ಲ. ಓದಿದವಳು ಕೇಳುವುದೇ?

ಗುರುವಾರ ಅತ್ತೆ ಪೆಟ್ಟಿಗೆಯಿಂದ ಬೆಳ್ಳಿಯ ಒಳಲೆ ತೆಗೆದರು. ತಮ್ಮ ಮಕ್ಕಳಿಗೆಲ್ಲ ಹಾಲು ಹಾಕಿದ ಒಳಲೆ ಅದು. ಮಾವನವರನ್ನು ಎಳೆಮಗುವಿನಂತೆ ಅಂಗಾತ ಮಲಗಿಸಿ, ತಲೆಯನ್ನು ನನ್ನ ಮಂಡಿಯ ಮೇಲೆ ಹಿಂದಕ್ಕೆ ವಾಲಿಸಿ, ಒಳಲೆಯ ಮೂತಿಯಿಂದ ತೆಳ್ಳಗಿನ ಗಂಜಿ ಬಿಟ್ಟೆ. ಎರಡು ಗುಟುಕು ಇಳಿಯಿತು. ಮೂರನೆಯದಕ್ಕೆ ಕಣ್ಣು ಅಗಲವಾಯಿತು. ಸದ್ದಿಲ್ಲ. ಕೆಮ್ಮೂ ಇಲ್ಲ. ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅತ್ತೆ ಚೀರಿದರು. ನಾನು ಅವರನ್ನು ಮಗುಚಿ ಬೆನ್ನಿಗೆ ಹೊಡೆದೆ. ಮಾವನವರ ಬೆನ್ನಿಗೆ! ಮುಷ್ಟಿ ಕಟ್ಟಿ ಹೊಡೆದೆ. ಕೊನೆಗೆ ಗಂಜಿ ಮೂಗಿನಿಂದಲೂ ಬಾಯಿಂದಲೂ ಬಂತು, ಆಮೇಲೆ ಉಸಿರು ಬಂತು.

ಅದಾದ ಮೇಲೆ ಅವರು ಬಾಯಿ ತೆರೆಯಲಿಲ್ಲ. ಒಳಲೆ ಕಂಡರೆ ಮುಖ ತಿರುಗಿಸಿಬಿಡುವರು. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ ನಾಲ್ಕು ಹನಿ ಜಿನುಗಿಸಿದರೆ ಅಷ್ಟೇ. ಬೆಳಗಿನ ಪೂಜೆಯನ್ನು ಮಾತ್ರ ಬಿಡಲಿಲ್ಲ. ದಿಂಬು ಒರಗಿಸಿ ಕೂರಿಸಬೇಕು, ಎಡಗೈಗೆ ಲಿಂಗ ಕೊಡಬೇಕು, ಪತ್ರೆಯನ್ನು ನಾನು ಏರಿಸಬೇಕು. ಕಡೆಗೆ ಅಂಗೈಯ ತೀರ್ಥವನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಅದು ಕೆಮ್ಮಿಲ್ಲದೆ ಇಳಿಯುತ್ತಿತ್ತು.

"ನೋಡ್ದೇನಮ್ಮ? ಅನ್ನ ಇಳಿಯಲ್ಲ, ತೀರ್ಥ ಇಳೀತದೆ. ಶಿವ ತನ್ನ ಕಡೆಗೆ ಕರ್ಕೊತಾವ್ನೆ," ಎಂದು ಅತ್ತೆ ಕಣ್ಣೊರೆಸಿಕೊಂಡರು. ನಾನೂ ಹಾಗೇ ನಂಬಿದೆ. ಬಿ.ಎ. ಓದಿದ ನಾನು!

ಶುಕ್ರವಾರ ಬೆಳಿಗ್ಗೆ ಕರೀಗೌಡ ಹಿತ್ತಲಿನಿಂದ ಬಂದ. ಪಕ್ಕದ ಹಳ್ಳಿಯ ರೈತ, ಮಾವನವರಿಗೆ ಹಳೆಯ ಸ್ನೇಹಿತ. ತಲೆಯ ಮೇಲಿನ ಮಂಕರಿಯನ್ನು ಇಳಿಸಿ ಮುಚ್ಚಿದ್ದ ಬಟ್ಟೆ ಸರಿಸಿದ. ಒಳಗೊಂದು ಬೆಳವನ ಮರಿ, ಪಾರಿವಾಳದ ಜಾತಿಯ ಕಾಡುಹಕ್ಕಿ. ಆಗತಾನೆ ಹಾರಲು ಕಲಿತಿದ್ದಿರಬೇಕು. ಕೊರಳಿನ ಚುಕ್ಕೆಗಳು ಇನ್ನೂ ಮೂಡಿರಲಿಲ್ಲ. ಒಂದು ರೆಕ್ಕೆ ಜೋತಿತ್ತು.

"ಲಕ್ವಕ್ಕೆ ಬೆಳವನ ರಕುತಕ್ಕಿಂತ ಮದ್ದಿಲ್ಲ ಕಣ್ರಮ್ಮ," ಎಂದ ಮೆಲ್ಲಗೆ. "ಬಿಸಿಬಿಸೀಲೆ ಕೈಕಾಲ್ಗೆ ತಿಕ್ಕಿದ್ರೆ ಆಯ್ತು. ನಮ್ಮೂರಲ್ಲಿ ಒಬ್ಬ ಎದ್ದು ನೇಗ್ಲು ಹಿಡ್ದವ್ನೆ."

"ಶಿವ ಶಿವಾ! ಇದು ಯಾರ ಮನೆ ಅನ್ಕೊಂಡೆ ಕರೀಗೌಡ?" ಎಂದರು ಅತ್ತೆ.

"ಗೊತ್ತಿರಾದ್ಕೇ ಇತ್ಲಿಂದ ಬಂದಿದ್ದು. ಮೊಟ್ಟೆ ಹೆಸ್ರು ಎತ್ತಿದ್ರೂ ಸಾನ ಮಾಡೋರು ನೀವು. ನೀವೇನೂ ಮುಟ್ಟಬ್ಯಾಡಿ. ಕಣ್ ಮುಚ್ಕಂಡು ಒಳ್ಗಿರಿ, ನಾನು ಕೊಟ್ಗೆ ಇಂದ್ಗಡೆ ಮುಗುಸಿ ಎಲೇಲಿ ತತ್ತೀನಿ."

ಅತ್ತೆ ಒಮ್ಮೆ ಪಡಸಾಲೆಯ ಮಂಚದ ಕಡೆ ನೋಡಿದರು. ಲಿಂಗ ಕಟ್ಟಿದ ಮೇಲೆ ಇರುವೆಯನ್ನೂ ದಾಟಿ ನಡೆದವರು. ಕೊನೆಗೆ ನೆಲ ನೋಡುತ್ತಾ ಹೇಳಿದರು: "ಕೊಟ್ಟಿಗೆ ಹಿಂದೆ ಬ್ಯಾಡ. ಬೇಲಿ ಆಚೆ."

ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ರಕ್ತದಿಂದ ವಾಸಿಯಾದರೆ ಆಗಿಬಿಡಲಿ ಎಂದು ನನಗೂ ಅನ್ನಿಸಿತ್ತು. ಅಷ್ಟರಲ್ಲಿ ಪಡಸಾಲೆಯಿಂದ ಧಡ್ ಎಂದು ಸದ್ದು. ಮಾವನವರು ಎಡಗೈಯಲ್ಲಿ ಮಂಚದ ಚೌಕಟ್ಟಿಗೆ ಹೊಡೆಯುತ್ತಿದ್ದರು. ಹಿತ್ತಲ ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿತ್ತು. ನಾವು ಒಳಗೆ ಹೋದಾಗ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಅತ್ತೆಯನ್ನು ನೋಡಿದರು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಅವರು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆ ಮಂಚದ ಕಾಲು ಹಿಡಿದು ಅತ್ತುಬಿಟ್ಟರು.

"ಆಯ್ತು ಬುಡಿ ಸಾವ್ಕಾರ್ರೆ," ಎಂದ ಕರೀಗೌಡ, ಬೈಸಿಕೊಂಡವನಂತೆ. "ಒಯ್ದು ಬೇಲಿ ಮ್ಯಾಲೆ ಬುಟ್ಬುಡ್ತೀನಿ. ಬೆಕ್ಕು ನೋಡ್ಕತ್ತದೆ."

ಮಾವನವರ ಬೆರಳು ಮಂಚದ ಪಕ್ಕದ ನೆಲವನ್ನು ತೋರಿಸಿತು. ಇಲ್ಲಿಡು.

ಮಂಕರಿಯನ್ನು ಅಲ್ಲೇ ಬೋರಲು ಹಾಕಿದ್ದಾಯಿತು. ಕರೀಗೌಡ ಹೋದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಇವ್ರಿಗೋಸ್ಕರ ಬಂದು ಇವ್ರಿಂದ ಉಳಿದ ಜೀವ ಅದು. ಅದೇನಾರ ಈ ಮಂಚದ ಪಕ್ಕದಲ್ಲಿ ಸತ್ರೆ ಏನು ಗತಿ? ಅದುನ್ನ ಬದುಕ್ಸು ಕಣಮ್ಮ. ಏನಾರ ಮಾಡು."

ಹೀಗೆ ನನಗೆ ಇಬ್ಬರು ರೋಗಿಗಳಾದರು. ಇಬ್ಬರೂ ಬಾಯಿ ತೆರೆಯದವರು.

ಅನ್ನ ಹಾಲು ಕಲಸಿಟ್ಟೆ, ಮರಿ ನೋಡಲಿಲ್ಲ. ಕಾಳು ಚೆಲ್ಲಿದೆ, ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚಿ ಗರಿ ಉಬ್ಬಿಸಿ ಕೂತಿತು. ನನಗೆ ದಿಗಿಲಾಯಿತು. ಮಡಿಲಿಗೆ ಹಾಕಿಕೊಂಡು, ಕೊಕ್ಕು ಬಿಡಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಹತ್ತಿಯಿಂದ ಹಾಲು ಹಿಂಡಿದೆ. ಮರಿ ಒದ್ದಾಡಿತು. ಮೂಗಿನ ತೂತುಗಳಲ್ಲಿ ಹಾಲಿನ ಗುಳ್ಳೆ ಬಂತು. ಕೊಕ್ಕು ತೆರೆದುಕೊಂಡು ಗೊರಗೊರ ಎಂದಿತು. ಅದೇ! ಗುರುವಾರ ನೋಡಿದ್ದು ಅದೇ! ತಲೆಕೆಳಗು ಮಾಡಿ ಅಲ್ಲಾಡಿಸಿದೆ, ಹೇಗೋ ಉಳಿಯಿತು. ಮಂಚದ ಮೇಲಿನಿಂದ ಮಾವನವರು ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ನೀರಿತ್ತು. ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಕರೀಗೌಡನಿಗೆ ಹೇಳಿಕಳಿಸಿದೆ. ಶನಿವಾರ ಮಧ್ಯಾಹ್ನ ಬಂದು ಮರಿಯನ್ನು ನೋಡಿದವನೇ ನನ್ನ ಮೇಲೆ ಹರಿಹಾಯ್ದ.

"ಹಾಲು ಉಯ್ದ್ರಾ? ಹಕ್ಕಿಗೆ? ಅದೇನು ಎಮ್ಮೆ ಕರಾನಾ ತಾಯಿ? ಅಷ್ಟು ದಪ್ಪ ಪುಸ್ತಕ ಓದಿದ್ರಲ್ಲ, ಒಂದ್ರಲ್ಲೂ ಬೆಳವ ಇರ್ನಿಲ್ವಾ?"

"ಸಾಯಿಸೋಕೆ ತಂದವನು ನೀನು, ನನಗೆ ಬುದ್ಧಿ ಹೇಳ್ತೀಯಾ?" ಎಂದೆ. ಅಳು ಬರುತ್ತಿತ್ತು.

"ಸಾಯ್ಸಾಕೂ ಗೊತ್ತು, ಸಾಕಾಕೂ ಗೊತ್ತು. ಚಿಕ್ಕೋನಿದ್ದಾಗ ಇಂಥವು ಎಷ್ಟು ಸಾಕಿಲ್ಲ! ನೆನೆದ ರಾಗಿ ತನ್ನಿ, ಒಸಿ ನವಣೆ, ಚಿಟಿಕೆ ಮರಳು. ಕಾಳು ಅರೆಯಾಕೆ ಅದ್ರ ಒಟ್ಟೇಲಿ ಮರಳಿರ್ಬೇಕು."

ನೆನೆದ ಕಾಳನ್ನು ಅಂಗೈಗೆ ಹಾಕಿಕೊಂಡು ಮುಷ್ಟಿ ಕಟ್ಟಿದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಣ್ಣ ಸಂದಿ ಬಿಟ್ಟ. ಆ ಸಂದಿಗೆ ಮರಿಯ ಕೊಕ್ಕನ್ನು ತಾಗಿಸಿದ. "ತಾಯಿ ಬೆಳವ ಮರಿ ಬಾಯ್ಗೆ ಉಯ್ಯಲ್ಲ. ಮರಿಯೇ ತಾಯಿ ಬಾಯೊಳಕ್ಕೆ ಕೊಕ್ಕು ಹಾಕಿ ತಕ್ಕತದೆ. ನೋಡ್ತಾ ಇರಿ."

ಮರಿ ಕೊಕ್ಕಿನಿಂದ ಸಂದಿಯನ್ನು ತಡಕಿತು. ಆಮೇಲೆ ಕೊಕ್ಕನ್ನು ಮುಷ್ಟಿಯೊಳಕ್ಕೆ ತುರುಕಿತು! ತುರುಕಿ, ಕತ್ತು ಬಗ್ಗಿಸಿ, ಮೈಯೆಲ್ಲ ನಡುಗಿಸುತ್ತಾ ನುಂಗಿತು. ಚೆನ್ನಾಗಿದ್ದ ರೆಕ್ಕೆ ಪಟಪಟ ಬಡಿಯಿತು. ನಾನು ಕೂಗಿಕೊಂಡುಬಿಟ್ಟೆ. ಆಮೇಲೆ ಅವನು ಅಗಲ ಬಟ್ಟಲಲ್ಲಿ ನೀರಿಟ್ಟ. ಕೋಳಿ ಕುಡಿಯುವುದನ್ನು ಎಲ್ಲರೂ ನೋಡಿದ್ದೇವೆ: ಕೊಕ್ಕು ಅದ್ದುತ್ತದೆ, ಮುಖ ಮೇಲೆತ್ತುತ್ತದೆ. ಇದು ಮುಖ ಎತ್ತಲೇ ಇಲ್ಲ. ಮೂಗಿನವರೆಗೂ ಅದ್ದಿ, ಕರು ಕುಡಿಯುವ ಹಾಗೆ, ತಲೆ ತಗ್ಗಿಸಿಕೊಂಡೇ ಹೀರಿತು.

"ತಲೆ ಎತ್ಸಿ ಉಯ್ದ್ರೆ ಇದು ಸತ್ತೇ ಓಯ್ತದೆ," ಎಂದ ಕರೀಗೌಡ, ರೆಕ್ಕೆಗೆ ಬಟ್ಟೆಯ ಪಟ್ಟಿ ಸುತ್ತುತ್ತಾ. "ಬಗ್ಗಿಸ್ಕಂಡು ತಾನೇ ತಕ್ಕಂಡ್ರೆ ಬದುಕ್ತದೆ. ಅಷ್ಟೇಯ."

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋದದ್ದು ಮಾರನೆಯ ದಿನ, ಭಾನುವಾರ, ಪೂಜೆಯ ಹೊತ್ತಿಗೆ.

ಮಾವನವರನ್ನು ಕೂರಿಸಿದ್ದೆ. ನಾಲಿಗೆ ಒಣಗಿ ಸೌದೆಯಾಗಿತ್ತು, ಕಣ್ಣು ಗುಳಿಬಿದ್ದಿತ್ತು. ಇನ್ನೆರಡು ದಿನ ಎಂದು ಅತ್ತೆ ಹಿಂದಿನ ಸಂಜೆಯೇ ಆಸ್ಪತ್ರೆಗೆ ಬಂದು ಹೋಗಿದ್ದ ಮಗನಿಗೆ ಸುದ್ದಿ ಕಳಿಸಿದ್ದರು. ಪೂಜೆ ಮುಗಿಯಿತು. ಮಾವನವರು ಎಡ ಅಂಗೈಯನ್ನು ಎದೆಯ ಹತ್ತಿರ ತಂದುಕೊಂಡು, ಗಲ್ಲ ಎದೆಗೆ ತಾಗುವಷ್ಟು ತಲೆ ಬಾಗಿಸಿ, ಲಿಂಗದ ಸುತ್ತಲಿನ ತೀರ್ಥಕ್ಕೆ ತುಟಿ ಹಚ್ಚಿ ಹೀರಿದರು. ಗಂಟಲಿನ ಗಂಟು ಏರಿ ಇಳಿಯಿತು. ಕೆಮ್ಮಿಲ್ಲ.

ಮಂಚದ ಕೆಳಗೆ ಬೆಳವನ ಮರಿ ಬಟ್ಟಲಿಗೆ ತಲೆ ಬಾಗಿಸಿ ಹೀರುತ್ತಿತ್ತು.

"ಅತ್ತೇ! ಅತ್ತೇ! ತಲೆ! ತಲೆ ನೋಡಿ ಬನ್ನಿ!"

ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದರು. "ಏನಾಯ್ತೆ? ಹೋದ್ರಾ?"

"ತೀರ್ಥ ಅಂತ ಇಳೀತಿಲ್ಲ ಅತ್ತೆ! ಕೂತು, ತಲೆ ಬಗ್ಗಿಸಿ ತಗೋತಾರೆ, ಅದಕ್ಕೇ ಇಳೀತಿದೆ! ನಾವು ಮಲಗಿಸಿ, ತಲೆ ಹಿಂದಕ್ಕೆ ಹಾಕಿ ಹೊಯ್ದಿದ್ದು! ಬೆಳವನಿಗೆ ಮಾಡಿದ್ದೂ ಅದೇ! ರಾಗಿ ಸರಿ ಮಾಡ್ತೀನಿ, ಗಟ್ಟಿಯಾಗಿ..."

"ಏನೂ ಬ್ಯಾಡ!" ಅತ್ತೆ ನನ್ನ ರಟ್ಟೆ ಹಿಡಿದರು. "ಒಂದ್ಸಲ ಕೊಂದು ಬದುಕ್ಸಿದ್ದು ಸಾಕು. ಡಾಕುಟ್ರು ಏನಂದ್ರು? ಇನ್ನೊಂದ್ಸಲ ಎದೆಗೆ ಇಳಿದ್ರೆ ಅವ್ರ ಕೈಲೂ ಇಲ್ಲ ಅಂದ್ರು. ಶಿವನ ಹೆಸ್ರು ಹೇಳ್ಕಂಡು ನೆಮ್ಮದೀಲಿ ಹೋಗ್ಲಿ ಬುಡು."

ಅವರು ಹೇಳಿದ್ದು ತಪ್ಪಲ್ಲ. ನನ್ನ ಲೆಕ್ಕ ತಪ್ಪಿದರೆ ನಾನೇ ಕೊಂದಂತೆ. ಮಾವನವರ ಕಡೆ ತಿರುಗಿದೆ. "ಮಾವ, ನೀವೇ ಹೇಳಿ. ಮಾಡಲಾ?"

ಅವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಮೂರು ದಿನದಿಂದ ಮುಚ್ಚಿದ್ದ ಬಾಯನ್ನು, ವಕ್ರವಾಗಿ, ಅರ್ಧವಾಗಿ, ತೆರೆದರು.

ಸರಿಯನ್ನು ಮುದ್ದೆಗಿಂತ ಸಡಿಲ, ಗಂಜಿಗಿಂತ ಗಟ್ಟಿ ಮಾಡಿದೆ. ನಾನು ನೆಲದ ಮೇಲೆ ಕೂತು ಚಮಚವನ್ನು ಕೆಳಗಿನಿಂದ ಹಿಡಿದೆ, ಅವರೇ ಬಾಗಿ ತೆಗೆದುಕೊಳ್ಳುವ ಹಾಗೆ. "ತಲೆ ಎತ್ತಬೇಡಿ ಮಾವ. ತೀರ್ಥ ತಗೊಂಡ ಹಾಗೇ." ಅತ್ತೆ ಬೆನ್ನ ಹಿಂದೆ ನಿಂತು ಪಂಚಾಕ್ಷರಿ ಹೇಳುತ್ತಿದ್ದರು, ಅದು ಎಷ್ಟು ವೇಗವಾಗಿತ್ತೆಂದರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಒಂದು. ಗಂಟಲು ಏರಿತು, ಇಳಿಯಿತು. ಎರಡು. ಇಳಿಯಿತು. ಮೂರನೆಯದಕ್ಕೆ ಕೆಮ್ಮು ಬಂತು! ಅತ್ತೆಯ ಪಂಚಾಕ್ಷರಿ ನಿಂತೇಹೋಯಿತು. ನಾನು ಚಮಚ ಬಿಸಾಕಿದೆ. ಒಂದು ಸಣ್ಣ ಕೆಮ್ಮು, ಇನ್ನೊಂದು, ಅಷ್ಟೇ. ಮುಖದ ಬಣ್ಣ ಬದಲಾಗಲಿಲ್ಲ. ಮಾವನವರು ಉಸಿರೆಳೆದುಕೊಂಡು, ಬಿದ್ದ ಚಮಚದ ಕಡೆ ಕೈ ತೋರಿಸಿದರು. ಎತ್ಕೋ ಎಂಬಂತೆ!

ಹನ್ನೊಂದು ಚಮಚ ಇಳಿಯಿತು ಅವತ್ತು. ಅತ್ತೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏನೋ ಹೇಳಲು ಹೋಗಿ ಅತ್ತರು. ಸಾಯಂಕಾಲ ಗಾಬರಿಯಿಂದ ಬಂದಿಳಿದ ಯಜಮಾನರು ನನ್ನ ಕೆನ್ನೆಗಳ ಮೇಲಿನ ಹಿಟ್ಟಿನ ಹಸ್ತಗಳನ್ನು ಕಂಡು ಇದೇನೆಂದು ಕೇಳಿದರು; ನಾನು ಕನ್ನಡಿ ನೋಡಿಕೊಂಡ ಮೇಲೆಯೇ ನನಗೂ ಗೊತ್ತಾದದ್ದು.

ಆಮೇಲಿನ ದಿನಗಳೆಲ್ಲ ತಿನ್ನಿಸುವುದರಲ್ಲೇ ಕಳೆದವು. ಮಾವನವರಿಗೆ ಸರಿ, ಬೆಳವನಿಗೆ ಮುಷ್ಟಿ. ಮಾವನವರೇ ಎಡಗೈ ಮುಷ್ಟಿಯಲ್ಲಿ ಕಾಳು ಹಿಡಿದು ತಿನ್ನಿಸತೊಡಗಿದರು. ಮರಿ ಅವರ ಹೊಟ್ಟೆಯ ಮೇಲೇ ಹತ್ತಿ ನಿಲ್ಲುತ್ತಿತ್ತು. ಅದು ಹೇತದ್ದನ್ನು ಅತ್ತೆ ಗೊಣಗುತ್ತಾ ಒರೆಸುವರು, "ಮಡಿ ಹೋಯ್ತು, ಮೈಲಿಗೆ ಹೋಯ್ತು, ಇನ್ನೇನು ಉಳೀತು ಈ ಮನೇಲಿ?" ಎಂದು. ಗೊಣಗಿದವರೇ ನವಣೆ ನೆನೆಹಾಕುವುದನ್ನು ಒಂದು ದಿನವೂ ಮರೆಯಲಿಲ್ಲ. ಕೊರಳಿನಲ್ಲಿ ಬಿಳಿ ಚುಕ್ಕೆಗಳು ಒಂದೊಂದಾಗಿ ಮೂಡಿದವು. ಇಷ್ಟಾದರೂ ನಾವಿಬ್ಬರು ಹೆಂಗಸರು ರಾತ್ರಿ ಸರದಿಯಲ್ಲಿ ಎಚ್ಚರವಿರುತ್ತಿದ್ದೆವು. ಎಂಜಲು ಗಂಟಲಿಗೆ ಸಿಕ್ಕಿಕೊಂಡರೆ ಎಂಬ ಭಯ. ಅವರು ಕೆಮ್ಮಿದರೆ ಏಳುತ್ತಿದ್ದೆವು. ಕೆಮ್ಮದಿದ್ದರೆ ಏಕೆ ಕೆಮ್ಮಲಿಲ್ಲವೆಂದು ಏಳುತ್ತಿದ್ದೆವು.

ತಿಂಗಳಾದ ಮೇಲೆ ಹುಣಸೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, "ಎದೆ ಶುಭ್ರವಾಗಿದೆಯಲ್ಲ! ಹೇಗೆ ತಿನ್ನಿಸಿದಿರಿ?" ಎಂದರು. ಹೇಳಿದೆ. ನಕ್ಕರು. ಆಮೇಲೆ ಗಂಭೀರವಾಗಿ, "ಸರಿಯಾಗಿಯೇ ಮಾಡಿದ್ದೀರಿ. ಆದರೆ ಎಲ್ಲ ರೋಗಿಗಳಿಗೂ ಇದೊಂದೇ ಸಾಕಾಗುತ್ತದೆ ಅಂತ ಯಾರಿಗೂ ಹೇಳಬೇಡಿ. ಬಂದು ಕೇಳಲಿ. ನೀವು ಅವತ್ತು ಕೇಳಿದ್ದರೆ ನಾನೇ ತೋರಿಸುತ್ತಿದ್ದೆ," ಎಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಅದಕ್ಕೇ ಇಲ್ಲಿ ಬರೆದೆ. ಕೇಳಿ. ಎಷ್ಟೇ ಓದಿದ್ದರೂ ಕೇಳಿ.

ಅಲ್ಲಿಂದ ಬಂದ ನಾಲ್ಕನೆಯ ದಿನ ಮಧ್ಯಾಹ್ನ ಬೆಳವ ಮಂಚದಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಹಿತ್ತಲ ಗೋಡೆಗೆ, ಗೋಡೆಯಿಂದ ಸೀದಾ ಹೊಂಗೆಮರಕ್ಕೆ ಹಾರಿತು. ಸ್ವಲ್ಪ ಹೊತ್ತು ಕೂತಿದ್ದು ಹೊಲಗಳ ಕಡೆ ಹೋಯಿತು. ಅತ್ತೆ ಕೈಮುಗಿದರು. ಮಾವನವರು ಬಹಳ ಪ್ರಯತ್ನಪಟ್ಟು, ಎರಡು ತುಂಡು ಮಾಡಿ, "ಹೋ... ಯ್ತು," ಎಂದರು. ಹೇಳಿ ತಾವೇ ಬೆರಗಾದರು.

ಅವತ್ತು ರಾತ್ರಿ ಮೊದಲ ಸರದಿ ಅತ್ತೆಯದು. ಅರ್ಧ ರಾತ್ರಿಗೆ ನನ್ನನ್ನು ಎಬ್ಬಿಸಬೇಕಿತ್ತು.

ನನಗೆ ಎಚ್ಚರವಾದದ್ದು ಬಾಗಿಲು ಬಡಿಯುವ ಸದ್ದಿಗೆ. ಕಣ್ಣು ಬಿಟ್ಟರೆ ಬಿಸಿಲು ಪಡಸಾಲೆಯ ನಡುವಿನವರೆಗೂ ಬಂದಿತ್ತು. ಅತ್ತೆ ಗೋಡೆಗೆ ಒರಗಿಕೊಂಡು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಎದ್ದು ಮಂಚಕ್ಕೆ ಓಡಿದೆ. ಮಾವನವರ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅವರೂ ಗೊರಕೆ ಹೊಡೆಯುತ್ತಿದ್ದರು, ಗಂಡಹೆಂಡಿರಿಬ್ಬರೂ ಒಂದೇ ತಾಳಕ್ಕೆ.

ಅಷ್ಟರಲ್ಲಿ ಅತ್ತೆ ಬೆಚ್ಚಿ ಎದ್ದು, ಕೆದರಿದ ಕೂದಲಿನಲ್ಲೇ ಹೋಗಿ ಅಗುಳಿ ತೆಗೆದರು. ಹೊರಗೆ ಬೀದಿಯವರೆಲ್ಲ ನಿಂತಿದ್ದರು. ಹಾಲಿನವಳು ಬಂದು ಬಡಿದು ಬಡಿದು ಹೋಗಿ ಸುದ್ದಿ ಹಬ್ಬಿಸಿದ್ದಳು. ಯಾರೋ ಆಗಲೇ ಮಠದ ಅಯ್ಯನವರಿಗೂ ಹೇಳಿಕಳಿಸಿದ್ದರಂತೆ. ಎಲ್ಲರಿಗಿಂತ ಮುಂದೆ ಕರೀಗೌಡ, ಪೇಟವನ್ನು ಕೈಯಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತಿದ್ದ.

"ಯಾವಾಗ ಆಯ್ತು ಅಮ್ಮಾರೆ?" ಎಂದ.

ಅತ್ತೆಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡರು.

"ಏನ್ಲಾ ಆಗೋದು? ನಿದ್ದೆ ಮಾಡ್ತಿದ್ವಿ ಕಣ್ಲಾ! ಮನೆಮಂದಿಯೆಲ್ಲ ಒಂದು ರಾತ್ರಿ ನಿದ್ದೆ ಮಾಡಿದ್ರೆ ಊರಿಗೆ ಊರೇ ಬಂದು ಬಾಗ್ಲು ಮುರೀಬೇಕಾ?"

ಕರೀಗೌಡ ಪೇಟವನ್ನು ತಲೆಗೆ ಸುತ್ತಿಕೊಳ್ಳುವುದನ್ನೂ ಮರೆತು ನಗಲು ಶುರುಮಾಡಿದ. ನಾನು ರಾಗಿ ಸರಿ ಕಾಯಿಸಲು ಒಳಗೆ ಹೋದೆ.